ಭೂಪಟದಲ್ಲಿಲ್ಲದ ರಾಜ್ಯ: ಪರ್ಯಾಯ ಇತಿಹಾಸದ ಸ್ಟ್ರಾಟೆಜಿ ಗೇಮ್‌ಗೆ ಕರಾವಳಿಯ ಒಂದು ರಾಷ್ಟ್ರವನ್ನು ಕಟ್ಟುವ ಬಗೆ

ಇತಿಹಾಸದ ದಿಕ್ಕನ್ನು ಬದಲಿಸಿ ಆಡುವ ಸ್ಟ್ರಾಟೆಜಿ ಗೇಮ್‌ಗಳಲ್ಲಿ ತಮ್ಮ ಊರಿನದೇ ಆದ ಒಂದು ರಾಜ್ಯವನ್ನು ಸೇರಿಸಬೇಕೆಂಬ ಆಸೆ ಮಂಗಳೂರು, ಉಡುಪಿ ಕಡೆಯ ಆಟಗಾರರಿಗೆ ಬರುವುದು ಸಹಜ. ಹೀಗೆ ಸೇರಿಸುವಾಗ ಹೆಚ್ಚಿನವರು ಉಳ್ಳಾಲಕ್ಕೊಂದು ಬಾವುಟ ಬರೆದು, ಅಬ್ಬಕ್ಕನ ಹೆಸರಿಟ್ಟು, ಬೊಕ್ಕಸ ತುಂಬ ವರಹ ಸುರಿದು, ಪೋರ್ಚುಗೀಸರನ್ನು ಮೂರೇ ವರ್ಷದಲ್ಲಿ ಗೋವೆಯಿಂದ ಓಡಿಸುವಷ್ಟು ಸೈನ್ಯವನ್ನು ಕೊಟ್ಟುಬಿಡುತ್ತಾರೆ. ಅಂತಹ ರಾಜ್ಯವನ್ನು ಒಂದು ಸಂಜೆ ಆಡಬಹುದು, ಎರಡನೆಯ ಸಂಜೆ ಆಡಲಾಗದು. ಆಟಗಾರನು ಆಯ್ಕೆ ಮಾಡಬೇಕಾದದ್ದು ಅದರಲ್ಲಿ ಏನೂ ಉಳಿದಿರುವುದಿಲ್ಲ. ಕಾಲ್ಪನಿಕ ರಾಷ್ಟ್ರಕ್ಕೆ ಯಾವ ಬಲ ಕೊಡಬೇಕು ಎಂಬುದಕ್ಕಿಂತ ಅದು ಯಾವ ಇಕ್ಕಟ್ಟಿನಲ್ಲಿ ಬದುಕುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು ಎಂಬುದು ಈ ಬರಹದ ನಿಲುವು. ಮುಂದಿನ ಹೆಜ್ಜೆಗಳನ್ನು ಕಂಪ್ಯೂಟರ್ ಆಟದ ಮಾಡ್‌ಗೂ (ಮೂಲ ಆಟವನ್ನು ತಿದ್ದಿ ಆಟಗಾರರೇ ಮಾಡಿಕೊಳ್ಳುವ ಆವೃತ್ತಿ) ಮೇಜಿನ ಮೇಲೆ ಹರಡಿ ಆಡುವ ಭೂಪಟದ ಆಟಕ್ಕೂ ಬಳಸಬಹುದು. ಉದಾಹರಣೆಗಾಗಿ ಉದ್ದಕ್ಕೂ ಒಂದೇ ರಾಜ್ಯವನ್ನು ಕಟ್ಟಿ ತೋರಿಸಲಾಗಿದೆ.

ಹೆಜ್ಜೆ 1: ಕವಲನ್ನು ಆರಿಸುವುದು

ನಿಜವಾದ ಇತಿಹಾಸದಿಂದ ನಿಮ್ಮ ಕಥೆ ಬೇರೆಯಾಗುವ ಗಳಿಗೆಯೇ ಕವಲು. ಒಳ್ಳೆಯ ಕವಲಿಗೆ ಎರಡು ಗುಣಗಳಿರಬೇಕು. ಬದಲಾದ ಸಂಗತಿ ಚಿಕ್ಕದಾಗಿರಬೇಕು, ಮತ್ತು ಅದು ನಡೆಯುವುದಕ್ಕೆ ಬೇಕಾದ ಕಾರಣಗಳು ಆ ಕಾಲದಲ್ಲಿ ಆಗಲೇ ಇದ್ದಿರಬೇಕು. ಈ ಒರೆಗೆ ನಮ್ಮ ಕರಾವಳಿಯ ಮೂರು ಪ್ರಸಿದ್ಧ ಘಟನೆಗಳನ್ನು ಹಚ್ಚಿ ನೋಡೋಣ.

ಎಲ್ಲರಿಗೂ ಮೊದಲು ಹೊಳೆಯುವುದು 1837ರ ಅಮರ ಸುಳ್ಯದ ದಂಗೆ. 1834ರಲ್ಲಿ ಕೊಡಗನ್ನು ಸ್ವಾಧೀನಪಡಿಸಿಕೊಂಡ ಕಂಪೆನಿ ಸರ್ಕಾರವು ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳನ್ನು (ಹಳ್ಳಿಗಳ ಗುಂಪುಗಳನ್ನು) ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. ರೈತರು ಸಿಡಿದೆದ್ದು 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನು ಏರಿಸಿ 13 ದಿನ ಊರನ್ನು ಹಿಡಿದಿಟ್ಟುಕೊಂಡರು. ಆಟದೊಳಗಿನ ಒಂದು ಘಟನೆಯಾಗಿ ಇದು ಅತ್ಯುತ್ತಮವಾದುದು. ರಾಷ್ಟ್ರವೊಂದರ ಹುಟ್ಟಿಗೆ ಮಾತ್ರ ಇದು ಸಾಲದು. ಆ ಹೊತ್ತಿಗೆ ಮದ್ರಾಸ್, ಮೈಸೂರಿನ ಆಡಳಿತ, ಕೊಡಗು ಎಲ್ಲವೂ ಕಂಪೆನಿಯ ಕೈಯಲ್ಲಿದ್ದವು. ಆ 13 ದಿನಗಳು ಹದಿಮೂರು ವರ್ಷಗಳಾಗಬೇಕಾದರೆ ಅರ್ಧ ಭಾರತದ ಇತಿಹಾಸವನ್ನೇ ತಿದ್ದಬೇಕಾಗುತ್ತದೆ.

ಎರಡನೆಯದು 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿಯಾದ ಬಿದನೂರನ್ನು ಗೆದ್ದ ಸಂಗತಿ. ಬಿದನೂರು ಉಳಿದಿದ್ದರೆ ಹೈದರನಿಗೆ ಆ ಊರಿನ ಸಂಪತ್ತು ಸಿಗುತ್ತಿರಲಿಲ್ಲ, ಮಂಗಳೂರಿನ ಬಂದರು ಅವನ ನೌಕಾನೆಲೆಯಾಗುತ್ತಿರಲಿಲ್ಲ, ಬಹುಶಃ 1784ರ ಮಂಗಳೂರು ಒಪ್ಪಂದವೂ ನಡೆಯುತ್ತಿರಲಿಲ್ಲ. ಇದು ಬಲವಾದ ಕವಲೇ ಹೌದು. ಆದರೆ ಇಲ್ಲಿಂದ ಹುಟ್ಟುವುದು ಘಟ್ಟದ ಮೇಲಿನ ಕೆಳದಿಯ ರಾಜ್ಯವೇ ಹೊರತು ಕರಾವಳಿಯ ರಾಜ್ಯವಲ್ಲ.

ಮೂರನೆಯದು 1570–71. ಪೋರ್ಚುಗೀಸರು 1568ರಲ್ಲಿ ಮಂಗಳೂರನ್ನು ಹಿಡಿದು ಸೇಂಟ್ ಸೆಬಾಸ್ಟಿಯನ್ ಕೋಟೆಯನ್ನು ಕಟ್ಟಿದರು. ಎರಡೇ ವರ್ಷಗಳಲ್ಲಿ ಬಿಜಾಪುರವು ಪೋರ್ಚುಗೀಸರ ಗೋವೆಯನ್ನೂ ಅಹಮದ್‌ನಗರವು ಅವರದೇ ಚೌಲನ್ನೂ ಮುತ್ತಿದವು. ಕಲ್ಲಿಕೋಟೆಯ ಸಾಮೂದಿರಿಯು ಚಾಲಿಯಂ ಕೋಟೆಯನ್ನು ಮುತ್ತಿ 1571ರಲ್ಲಿ ಅದನ್ನು ಗೆದ್ದೇಬಿಟ್ಟನು. ಚಾಲಿಯಂ ಬಿದ್ದಿತು, ಮಂಗಳೂರು ಬೀಳಲಿಲ್ಲ. ಪೋರ್ಚುಗೀಸರ ಹಡಗುಗಳೆಲ್ಲ ಬೇರೆಡೆ ಸಿಕ್ಕಿಕೊಂಡಿದ್ದ ಆ ಮಳೆಗಾಲದಲ್ಲಿ ಮಂಗಳೂರಿನ ಕೋಟೆಯೂ ಬಿದ್ದಿದ್ದರೆ? ಬದಲಾವಣೆ ಒಂದೇ ಒಂದು ಕೋಟೆಯದ್ದು, ಕಾರಣಗಳೆಲ್ಲ ಕಣ್ಣೆದುರಿಗೇ ಇವೆ. 1565ರ ರಕ್ಕಸತಂಗಡಿ ಕದನದ ಬಳಿಕ ವಿಜಯನಗರದ ಹಿಡಿತ ಸಡಿಲವಾಗಿದ್ದುದರಿಂದ ಗೆದ್ದವರನ್ನು ಕೇಳುವವರೂ ತಕ್ಷಣಕ್ಕೆ ಯಾರೂ ಇಲ್ಲ. ನಮ್ಮ ಕವಲು ಇದೇ.

ಹೆಜ್ಜೆ 2: ಕವಲಿನಿಂದ ಆಟದ ಆರಂಭದವರೆಗೆ

ಕವಲಿಗೂ ಆಟ ಶುರುವಾಗುವ ವರ್ಷಕ್ಕೂ ಒಂದು ತಲೆಮಾರಿಗಿಂತ ಹೆಚ್ಚು, ಮೂರು ತಲೆಮಾರಿಗಿಂತ ಕಡಿಮೆ ಅಂತರವಿರಲಿ. ಅಂತರ ತೀರಾ ಕಡಿಮೆಯಾದರೆ ಹೊಸ ರಾಜ್ಯಕ್ಕೆ ತನ್ನದೇ ಆದ ರೂಢಿ, ಸಾಲ, ಹಗೆತನಗಳು ಹುಟ್ಟಿರುವುದಿಲ್ಲ. ತೀರಾ ಹೆಚ್ಚಾದರೆ ಇಡೀ ಜಗತ್ತನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ನಾವು 1620ನ್ನು ಆರಿಸಿಕೊಳ್ಳೋಣ.

ನಡುವಿನ 49 ವರ್ಷಗಳಿಗೆ ಉದ್ದನೆಯ ಕಥೆ ಬರೆಯುವ ಅಗತ್ಯವಿಲ್ಲ. ಪ್ರತಿಯೊಂದು ಮುಖ್ಯ ಘಟನೆಗೂ ಏನು ಬದಲಾಯಿತು, ಅದರಿಂದ ಯಾರಿಗೆ ಲಾಭವಾಯಿತು, ಯಾರ ಮುಖ ಸಿಂಡರಿಸಿತು ಎಂಬ ಮೂರು ಸಾಲುಗಳನ್ನು ಬರೆದರೆ ಸಾಕು. ಮೂರನೆಯ ಸಾಲನ್ನು ಎಂದೂ ಬಿಡಬೇಡಿ, ಆಟದ ಮುಂದಿನ ಘಟನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಮಂಗಳೂರಿನಿಂದ ದೂರ ಹೋದಷ್ಟೂ ಇತಿಹಾಸವನ್ನು ಮುಟ್ಟದೆ ಬಿಡಿ. 1580ರಲ್ಲಿ ಪೋರ್ಚುಗಲ್ ಸ್ಪೇನಿನ ದೊರೆಯ ಕೈಗೆ ಹೋಗುವುದು, 1600ರಲ್ಲಿ ಇಂಗ್ಲಿಷರ, 1602ರಲ್ಲಿ ಡಚ್ಚರ ಕಂಪೆನಿಗಳು ಹುಟ್ಟುವುದು ಹಾಗೆಯೇ ಇರಲಿ. ಕರಾವಳಿಯ ಒಂದು ಕೋಟೆ ಬಿದ್ದ ಮಾತ್ರಕ್ಕೆ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿಗಳು ಯೋಜನೆ ಬದಲಿಸುವುದಿಲ್ಲ. 1604ರಲ್ಲಿ ವೇಣೂರಿನಲ್ಲಿ ಅಜಿಲ ಅರಸ ನಿಲ್ಲಿಸಿದ ಗೊಮ್ಮಟನೂ ನಮ್ಮ ಕಾಲರೇಖೆಯಲ್ಲಿ ಹಾಗೆಯೇ ನಿಲ್ಲುತ್ತಾನೆ. ಅದನ್ನು ತಪ್ಪಿಸಲು ಯಾವ ಕಾರಣವೂ ಇಲ್ಲ.

ಹೆಜ್ಜೆ 3: ನೆಲ, ಹೊಳೆ, ಮಳೆ

ಹೆಚ್ಚಿನ ಮಾಡ್‌ಗಳು ಸೋಲುವುದು ಇಲ್ಲಿಯೇ ಆದ್ದರಿಂದ ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕು. ಇಂದಿನ ತಾಲ್ಲೂಕುಗಳ ಗಡಿಯನ್ನು ನಕಲು ಮಾಡಿ ಪ್ರಾಂತ್ಯಗಳನ್ನು ಎಳೆಯುವುದು ಸುಲಭ, ಆದರೆ ಅದು ತಪ್ಪು. ಈ ನಾಡಿನಲ್ಲಿ ಹೊಳೆಗಳು ಘಟ್ಟದಿಂದ ಕಡಲಿಗೆ ಅಡ್ಡಲಾಗಿ ಹರಿಯುತ್ತವೆ. ಪ್ರತಿಯೊಂದು ಹೊಳೆಯೂ ಒಂದು ಬಂದರಿಗೆ ಅದರ ಹಿನ್ನಾಡನ್ನು ಜೋಡಿಸುತ್ತದೆ, ಜೊತೆಗೆ ಪಕ್ಕದ ಊರಿನಿಂದ ಅದನ್ನು ಬೇರ್ಪಡಿಸುತ್ತದೆ. ತೆಂಕಣದ ಚಂದ್ರಗಿರಿಯಿಂದ ಹೊರಟು ನೇತ್ರಾವತಿ ಮತ್ತು ಫಲ್ಗುಣಿ, ಮೂಲ್ಕಿಯ ಶಾಂಭವಿ, ಕಲ್ಯಾಣಪುರದ ಸ್ವರ್ಣಾ, ಬಾರಕೂರಿನ ಸೀತಾ, ಬಸರೂರು–ಗಂಗೊಳ್ಳಿಯ ಹೊಳೆಗಳ ಗುಂಪು ಎಂದು ಬಡಗಣಕ್ಕೆ ಸಾಗಿದರೆ ಪ್ರಾಂತ್ಯಗಳ ಎಲ್ಲೆ ತಾನಾಗಿಯೇ ಮೂಡುತ್ತದೆ. ಒಂದೊಂದು ಕಣಿವೆಯನ್ನು ಕರಾವಳಿಯ ತುಂಡು, ಒಳನಾಡಿನ ತುಂಡು ಎಂದು ಎರಡು ಮಾಡಿ. ನಮ್ಮ ರಾಜ್ಯಕ್ಕೆ ಹತ್ತರಿಂದ ಹನ್ನೆರಡು ಪ್ರಾಂತ್ಯಗಳು ಸಾಕು.

ಪ್ರಾಂತ್ಯದ ಫಲವತ್ತತೆಗೆ ಮನಸ್ಸಿಗೆ ಬಂದ ಅಂಕಿಯನ್ನು ಕೊಡುವ ಬದಲು ನಮ್ಮ ರೈತರ ವರ್ಗೀಕರಣವನ್ನೇ ಬಳಸಿ. ಬೈಲು ಗದ್ದೆಯಲ್ಲಿ ಮಳೆಗಾಲದ ಏಣೇಲು, ಚಳಿಗಾಲದ ಸುಗ್ಗಿ, ಬೇಸಗೆಯ ಕೊಳಕೆ ಎಂಬ ಮೂರೂ ಬೆಳೆಗಳು ಬರುತ್ತವೆ, ಮಜಲಿನಲ್ಲಿ ಎರಡು, ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಒಂದೇ. ಪ್ರತಿ ಪ್ರಾಂತ್ಯಕ್ಕೂ ಈ ಮೂರರ ಪಾಲನ್ನು ಬರೆದರೆ ಅಕ್ಕಿಯ ಉತ್ಪನ್ನದ ಅಂಕಿ ಸಿಗುವುದಷ್ಟೇ ಅಲ್ಲ, ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದೂ ತಿಳಿಯುತ್ತದೆ. ಕೊಳಕೆಯ ಬೆಳೆ ಗದ್ದೆಯಲ್ಲಿರುವಾಗ ಶತ್ರು ನುಗ್ಗಿದರೆ ಬೈಲಿನ ಪ್ರಾಂತ್ಯಕ್ಕೆ ನಷ್ಟ, ಬೆಟ್ಟಿನ ಪ್ರಾಂತ್ಯಕ್ಕೆ ಏನೂ ಇಲ್ಲ ಎಂಬಂತಹ ಸೂಕ್ಷ್ಮಗಳು ಆಟಕ್ಕೆ ಉಚಿತವಾಗಿಯೇ ದೊರೆಯುತ್ತವೆ.

ಇನ್ನು ಮಳೆ. ಸರದಿಯ ಅವಧಿ ಒಂದು ವರ್ಷವಾಗಿದ್ದರೆ ಮುಂಗಾರು ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ಸರದಿಯು ತಿಂಗಳಿನದ್ದೋ ಕಾಲದ್ದೋ ಆಗಿರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲ ಸಂಚಾರವನ್ನು ಸೊನ್ನೆ ಮಾಡಿ, ಸೆಪ್ಟೆಂಬರಿನಲ್ಲಿ ಅರ್ಧಕ್ಕೆ ಬಿಡಿ. ಅಳಿವೆಯ ಮರಳದಿಬ್ಬದಿಂದಾಗಿ ದೊಡ್ಡ ಹಡಗುಗಳು ಮಂಗಳೂರಿನ ಹೊಳೆಯೊಳಗೆ ಬರಲಾರವು ಎಂಬ ನಿಯಮವನ್ನೂ ಸೇರಿಸಿ. ದೋಣಿ, ಮಚವೆಗಳು ಬರಲಿ. ಇಷ್ಟು ಮಾಡಿದೊಡನೆ ಆಟದ ಯುದ್ಧನೀತಿಯೇ ಬದಲಾಗುವುದನ್ನು ಕಾಣುವಿರಿ. ಕಡಲಿನಿಂದ ನೆರವು ಪಡೆಯುವ ಕೋಟೆಗೆ ಮಳೆಗಾಲವೇ ಅಪಾಯದ ಕಾಲ, ನೆಲದಿಂದ ಮುತ್ತುವವನಿಗೆ ಅದೇ ಅವಕಾಶ. 1510ರ ಮೇ ತಿಂಗಳಲ್ಲಿ ಬಿಜಾಪುರದ ಸೇನೆ ಗೋವೆಯನ್ನು ಮರಳಿ ಪಡೆದಾಗ ಪೋರ್ಚುಗೀಸರ ನಾಯಕ ಅಲ್ಬುಕರ್ಕನ ಹಡಗುಗಳು ಕಡಲಿಗಿಳಿಯಲಾಗದೆ ಮಳೆ ಕಡಿಮೆಯಾಗುವವರೆಗೂ ಮಾಂಡೋವಿ ನದಿಯಲ್ಲಿಯೇ ಸಿಕ್ಕಿಬಿದ್ದಿದ್ದವು. ಅವನು ಗೋವೆಯನ್ನು ಮತ್ತೆ ಗೆದ್ದದ್ದು ನವೆಂಬರ್ 25ರಂದು. ನಮ್ಮ ಕವಲನ್ನೂ ಮಳೆಗಾಲದಲ್ಲಿಯೇ ಇಟ್ಟದ್ದು ಇದೇ ಕಾರಣಕ್ಕೆ. ಮುತ್ತಿಗೆ ಹಾಕಿದವರಿಗೂ ಜ್ವರ ಮತ್ತು ಒದ್ದೆಯಾದ ಮದ್ದಿನ ದಂಡ ಇರಲಿ, ಇಲ್ಲದಿದ್ದರೆ ಆಟಗಾರರು ಪ್ರತಿವರ್ಷ ಜೂನ್ ಒಂದಕ್ಕೆ ಯುದ್ಧ ಸಾರುವ ಚಟಕ್ಕೆ ಬೀಳುತ್ತಾರೆ.

ಘಟ್ಟದ ದಾರಿಗಳಿಗೆ ಇದೇ ಬಗೆಯ ಮಿತಿ ಬೇಕು. ಆಗುಂಬೆ, ಶಿರಾಡಿ, ಚಾರ್ಮಾಡಿ, ಬಿಸಿಲೆ ಇವು ಆ ಕಾಲದಲ್ಲಿ ಹೇರೆತ್ತುಗಳ ದಾರಿಗಳೇ ಹೊರತು ಗಾಡಿಯ ರಸ್ತೆಗಳಲ್ಲ. ಒಂದೊಂದು ಘಟ್ಟದ ಮೂಲಕ ಎಷ್ಟು ಸೈನ್ಯಕ್ಕೆ ಆಹಾರ ಸಾಗಿಸಬಹುದು ಎಂಬುದಕ್ಕೆ ಗರಿಷ್ಠ ಮಿತಿಯನ್ನು ನಿಗದಿಪಡಿಸಿ, ಮಳೆಗಾಲದಲ್ಲಿ ಅದನ್ನು ಕಾಲುಭಾಗಕ್ಕೆ ಇಳಿಸಿ.

ಹೆಜ್ಜೆ 4: ಬೊಕ್ಕಸ

ಆದಾಯವನ್ನು 100 ಅಂಶಗಳೆಂದು ಇಟ್ಟುಕೊಂಡು ಹಂಚಿ. ನಮ್ಮ ರಾಜ್ಯಕ್ಕೆ ಅಕ್ಕಿಯಿಂದ 45, ಕರಿಮೆಣಸಿನಿಂದ 25, ಘಟ್ಟ ಹತ್ತಿ ಇಳಿಯುವ ಸರಕಿನ ಸುಂಕದಿಂದ 20, ಉಪ್ಪು, ಒಣಮೀನು, ತೆಂಗು, ಅಡಿಕೆ ಎಲ್ಲ ಸೇರಿ 10 ಎಂದಿರಲಿ. ಇವು ಆಟಕ್ಕಾಗಿ ಇಟ್ಟುಕೊಂಡ ಅಂಕಿಗಳು. ಅವುಗಳ ಹಿಂದಿರುವ ಸಂಗತಿ ಮಾತ್ರ ನಿಜವಾದುದು. ಗೋವೆಯ ಪೋರ್ಚುಗೀಸರು ಕೆನರಾದ ಅಕ್ಕಿಯನ್ನು ನೆಚ್ಚಿಕೊಂಡಿದ್ದರು, ಕರಾವಳಿಯ ಅರಸರಿಂದ ಕಪ್ಪವನ್ನೂ ಅಕ್ಕಿಯ ರೂಪದಲ್ಲಿ ವಸೂಲು ಮಾಡುತ್ತಿದ್ದರು. ಹೀಗಾಗಿ ನಮ್ಮ ರಾಜ್ಯದ ಅತಿ ದೊಡ್ಡ ಶತ್ರುವೇ ಅದರ ಅತಿ ದೊಡ್ಡ ಗಿರಾಕಿ. ಅಕ್ಕಿ ನಿಲ್ಲಿಸಿದರೆ ಗೋವೆಗೆ ಹಸಿವು, ನಮಗೆ ಬೊಕ್ಕಸದ ಅರ್ಧ ಖಾಲಿ. ಆಟಗಾರನು ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಗೋವೆಗೆ ಎಷ್ಟು ಮುಡಿ ಅಕ್ಕಿ ಕಳುಹಿಸಬೇಕೆಂದು ತೀರ್ಮಾನಿಸುವ ಒಂದು ಆದೇಶವನ್ನು ರಚಿಸಿ. ಇಡೀ ಆಟದಲ್ಲಿ ಇದಕ್ಕಿಂತ ಹೆಚ್ಚು ತಲೆ ಕೆರೆದುಕೊಳ್ಳುವ ಆದೇಶ ಇನ್ನೊಂದಿರಲಾರದು.

ಕಡಲಲ್ಲಿ ಓಡಾಡುವ ಹಡಗುಗಳು ಪೋರ್ಚುಗೀಸರಿಂದ ಕಾರ್ತಾಜ್ ಎಂಬ ರಹದಾರಿ ಪತ್ರವನ್ನು ಪಡೆಯಬೇಕಾಗಿತ್ತು. ಪತ್ರ ಕೊಂಡರೆ ವ್ಯಾಪಾರ ನಿರಾತಂಕ, ಆದರೆ ಮಾನಹಾನಿ. ಕೊಳ್ಳದಿದ್ದರೆ ಹಡಗು ಜಪ್ತಿಯಾಗುವ ಭಯ. ಇದನ್ನು ಕೂಡ ಪ್ರತಿ ಬಂದರಿಗೂ ಪ್ರತ್ಯೇಕವಾದ ಆಯ್ಕೆಯಾಗಿ ಇಡಿ.

ಖರ್ಚಿನ ಬದಿಯಲ್ಲಿ ಎಲ್ಲ ಕೋಟೆಗಳಿಗೂ ಪೂರ್ತಿ ಕಾವಲಿಟ್ಟರೆ 110 ಅಂಶಗಳು ಬೇಕಾಗುವಂತೆ ಲೆಕ್ಕ ಹೊಂದಿಸಿ. ಎಲ್ಲವನ್ನೂ ಕಾಯಲು ಹಣ ಸಾಲದೆಂಬುದು ಮೊದಲ ಸರದಿಯಲ್ಲೇ ಗೊತ್ತಾಗಬೇಕು.

ಹೆಜ್ಜೆ 5: ಅಧಿಕಾರ ಯಾರ ಕೈಯಲ್ಲಿ

ಸಿಂಹಾಸನದ ಮೇಲೆ ಒಬ್ಬ ದೊರೆಯನ್ನು ಕೂರಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ಸಾಮಾನ್ಯ. 16ನೇ ಶತಮಾನದ ತುಳುನಾಡಿನಲ್ಲಿ ಅಂತಹ ಒಬ್ಬನೇ ದೊರೆ ಇರಲಿಲ್ಲ. ಉಳ್ಳಾಲ, ಮೂಡುಬಿದಿರೆ ಕಡೆ ಚೌಟರು, ನೇತ್ರಾವತಿಯ ಕಣಿವೆಯಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಮೂಲ್ಕಿಯಲ್ಲಿ ಸಾವಂತರು, ಕಾರ್ಕಳದಲ್ಲಿ ಭೈರರಸರು. ಅವರ ಕೆಳಗೆ ಮಾಗಣೆಗಳು, ಊರಿನ ಯಜಮಾನಿಕೆ ನಡೆಸುವ ಗುತ್ತಿನ ಮನೆಗಳು. ಬಂದರುಗಳಲ್ಲಿ ಹಂಜಮಾನ, ನಖರ ಎಂಬ ವರ್ತಕ ಸಂಘಗಳ ಪರಂಪರೆ. ಆದ್ದರಿಂದ ನಮ್ಮ ಕಾಲ್ಪನಿಕ ರಾಷ್ಟ್ರವು ಸಾಮ್ರಾಜ್ಯವಾಗದೆ ಒಕ್ಕೂಟವಾಗುತ್ತದೆ. ಈ ಐದು ಅರಸುಮನೆಗಳ ಜೊತೆಗೆ ಮಂಗಳೂರಿನ ಹಂಜಮಾನ, ಬಾರಕೂರು, ಬಸರೂರಿನ ವರ್ತಕರು ಎಂಬ ಮೂರು ಮತಗಳನ್ನು ಸೇರಿಸಿದರೆ ಎಂಟಾಯಿತು. ಸಭೆ ಸೇರುವುದು ಮೂಡುಬಿದಿರೆಯಲ್ಲಿ. ಅದು ಬಂದರಲ್ಲ, ಹಾಗಾಗಿ ಯಾವ ಬಂದರಿನವರೂ ಅಲ್ಲಿ ಮೇಲುಗೈ ಪಡೆಯುವುದಿಲ್ಲ. 1430ರ ಸಾವಿರ ಕಂಬದ ಬಸದಿಯನ್ನು ಕಟ್ಟಿಸುವಷ್ಟು ಸಿರಿವಂತ ವರ್ತಕರು ಅಲ್ಲಿ ಆಗಲೇ ಇದ್ದರು.

ಮುಖ್ಯಸ್ಥನನ್ನು ಆರಿಸುವ ಕ್ರಮವನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜಾಧಿಕಾರವನ್ನು 16ನೇ ಶತಮಾನದಲ್ಲಿ ವಾದಿರಾಜರು ಎರಡು ವರ್ಷಕ್ಕೊಮ್ಮೆ ಬದಲಾಗುವಂತೆ ಮಾಡಿದರು. ಎಂಟು ಮನೆಗಳು, ಎರಡೆರಡು ವರ್ಷ, ಒಟ್ಟು ಹದಿನಾರು ವರ್ಷದ ಒಂದು ಸುತ್ತು. ಕಣ್ಣೆದುರಿನ ಈ ಏರ್ಪಾಡನ್ನು ನೋಡಿ ಒಕ್ಕೂಟದವರು ತಮ್ಮ ಮುಖ್ಯಸ್ಥಾನಕ್ಕೂ ಅದನ್ನೇ ಅಳವಡಿಸಿಕೊಂಡರು ಎಂದು ಕಲ್ಪಿಸುವುದು ಅಸಹಜವಾಗದು. ಆಟದಲ್ಲಿ ಇದರ ಪರಿಣಾಮ ಗಂಭೀರವಾದುದು. ತನ್ನ ಸರದಿ ಮುಗಿದರೆ ಮತ್ತೆ ಹದಿನಾಲ್ಕು ವರ್ಷ ಕಾಯಬೇಕಾದ ಮನೆಯು ಆ ಎರಡು ವರ್ಷಗಳಲ್ಲಿ ಬೊಕ್ಕಸವನ್ನು ತನ್ನ ಕೋಟೆಗೆ ಸುರಿಯಲು ನೋಡುತ್ತದೆ. ಮುಂದಿನ ಸರದಿಯವನು ಯುದ್ಧವನ್ನು ತನ್ನ ಕಾಲಕ್ಕೆ ಎಳೆಯಲೋ ಈಗಲೇ ಮುಗಿಸಿಬಿಡಲೋ ಹವಣಿಸುತ್ತಾನೆ. 1571ರಿಂದ ಎಣಿಸಿದರೆ ಮೂರು ಸುತ್ತುಗಳು 1619ಕ್ಕೆ ಮುಗಿಯುತ್ತವೆ. ಆದ್ದರಿಂದ 1620ರಲ್ಲಿ ಆಟ ತೆರೆದಾಗ ಮೊದಲ ಮನೆಯಾದ ಚೌಟರ ಅವಧಿಯಲ್ಲಿ ಒಂದೇ ವರ್ಷ ಉಳಿದಿರುತ್ತದೆ, ಮುಂದಿನ ಸರದಿ ಬಂಗರದ್ದು. ಈ ಎರಡು ಮನೆಗಳ ಹಗೆತನ ಇತಿಹಾಸದಲ್ಲಿಯೇ ಪ್ರಸಿದ್ಧವಾದುದರಿಂದ ಆಟಗಾರನಿಗೆ ಮೊದಲ ಬಿಕ್ಕಟ್ಟು ಕಾದೇ ಇರುತ್ತದೆ.

ಉತ್ತರಾಧಿಕಾರದ ನಿಯಮವನ್ನು ಬರೆಯುವಾಗ ಅಳಿಯಸಂತಾನವನ್ನು ಬರಿಯ ಅಲಂಕಾರವಾಗಿ ಬಳಸಬೇಡಿ. ಆಸ್ತಿ ಮತ್ತು ಪಟ್ಟ ತಂಗಿ ಅಥವಾ ಅಕ್ಕನ ಮಕ್ಕಳಿಗೆ ಹೋಗುವಲ್ಲಿ ಮದುವೆಯಿಂದ ರಾಜ್ಯ ಸೇರಿಬರುವುದಿಲ್ಲ. ಗಂಡನ ಮನೆಗೆ ಹೆಂಡತಿಯ ಸೀಮೆಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಹೆಣ್ಣೊಬ್ಬಳು ಪಟ್ಟದಲ್ಲಿ ಕುಳಿತರೆ ಅದು ಬಿಕ್ಕಟ್ಟಿನ ಘಟನೆಯಲ್ಲ. ಚೌಟರ ಅಬ್ಬಕ್ಕನಿಗೂ ಅವಳ ಗಂಡನಾದ ಬಂಗ ಅರಸನಿಗೂ ವಿರಸವಾದಾಗ ಉಳ್ಳಾಲ ಅವಳ ಕೈಯಲ್ಲೇ ಉಳಿದುದಕ್ಕೆ ಈ ಪದ್ಧತಿಯೇ ಆಧಾರ. ಬಹಳಷ್ಟು ಆಟಗಳು ತಂದೆಯಿಂದ ಮಗನಿಗೆ ಎಂಬ ಯುರೋಪಿನ ನಿಯಮವನ್ನೇ ಒಳಗಿಟ್ಟುಕೊಂಡಿರುವುದರಿಂದ ಮದುವೆಯ ಮೂಲಕ ರಾಜ್ಯಗಳು ವಿಲೀನವಾಗುವ ಭಾಗವನ್ನು ಈ ರಾಷ್ಟ್ರಕ್ಕೆ ಮುಚ್ಚಿಬಿಡಿ, ವಾರಸುದಾರ ಹುಟ್ಟುವ ಘಟನೆಯನ್ನು ಸೋದರಿಯ ಮಕ್ಕಳಿಗೆ ಹೊಂದುವಂತೆ ಹೊಸದಾಗಿ ಬರೆಯಿರಿ.

ಧರ್ಮದ ವಿಷಯದಲ್ಲಿ ಒಂದು ಎಚ್ಚರಿಕೆ. ದೈವಗಳನ್ನು ಸೈನ್ಯದ ಬಲ ಹತ್ತು ಪ್ರತಿಶತ ಏರಿಸುವ ಗುಂಡಿಯಾಗಿ ಮಾಡುವವರನ್ನು ಕಂಡರೆ ನನಗೆ ಬೇಸರ. ದೈವದ ಮುಂದೆ ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದವು, ಆಣೆ–ಮಾತುಗಳು ನಡೆಯುತ್ತಿದ್ದವು, ಗುತ್ತಿನ ಯಜಮಾನಿಕೆಗೆ ಅಲ್ಲಿ ಮನ್ನಣೆ ದೊರೆಯುತ್ತಿತ್ತು. ಹಾಗಾಗಿ ಅವು ನ್ಯಾಯ ಮತ್ತು ಒಪ್ಪಂದಗಳ ವಿಭಾಗಕ್ಕೆ ಸೇರಬೇಕು. ಇಂದಿಗೂ ಜನರು ನಂಬಿ ನಡೆಯುವ ದೈವಗಳ ಹೆಸರನ್ನು ಆಟದಲ್ಲಿ ತರದಿರುವುದೇ ಲೇಸು.

ಹೆಜ್ಜೆ 6: ನೆರೆಹೊರೆ

ಪ್ರತಿಯೊಬ್ಬ ನೆರೆಯವನಿಗೂ ನಿಮ್ಮಿಂದ ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಆ ನೆರೆಯವನು ಆಟದಲ್ಲಿ ಬರಿಯ ಬಣ್ಣವಾಗಿ ಉಳಿಯುತ್ತಾನೆ. ಗೋವೆಗೆ ಅಕ್ಕಿ ಮತ್ತು ಕಳೆದುಕೊಂಡ ಕೋಟೆ ಬೇಕು. ಕಲ್ಲಿಕೋಟೆಗೆ ಮೆಣಸಿನ ಬೆಲೆಯಲ್ಲಿ ಪೈಪೋಟಿ ಬೇಡ. ಇಂಗ್ಲಿಷರಿಗೂ ಡಚ್ಚರಿಗೂ ಪೋರ್ಚುಗೀಸರಿಲ್ಲದ ಒಂದು ಬಂದರು ಬೇಕು, ಅದಕ್ಕಾಗಿ ಅವರು ಫಿರಂಗಿ ಮಾರಲು ಸಿದ್ಧ.

ಎಲ್ಲರಿಗಿಂತ ಅಪಾಯಕಾರಿ ನೆರೆಯವನು ಆಗ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಯಲ್ಲಿದ್ದಾನೆ. 1586ರಿಂದ 1629ರವರೆಗೆ ಆಳಿದ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ನುಂಗಿ ಕರಾವಳಿಯತ್ತ ಇಳಿದವನು. ಕೆಳದಿಯ ಸದಾಶಿವ ನಾಯಕನಿಗೆ ವಿಜಯನಗರದ ಅರಸರು ಬಾರಕೂರು, ಮಂಗಳೂರುಗಳ ಆಡಳಿತವನ್ನು ಒಪ್ಪಿಸಿದ್ದುದರಿಂದ ಅವನ ವಂಶದವರ ಕೈಯಲ್ಲಿ ಕಾನೂನುಬದ್ಧವಾದ ಹಕ್ಕೂ ಇದೆ. ನಿಜವಾದ ಇತಿಹಾಸದಲ್ಲಿ ಕರಾವಳಿಯ ಅರಸರು ಒಬ್ಬೊಬ್ಬರಾಗಿ ಕೆಳದಿಗೆ ಮಣಿದರು. ನಮ್ಮ ಒಕ್ಕೂಟ ಉಳಿಯಬೇಕಾದರೆ ಘಟ್ಟದ ಬಾಯಿಗಳನ್ನು ಕಾಯಬೇಕು. ಹಾಗೆ ಕಾಯ್ದರೆ ಬಂದರಿನ ಕೋಟೆಗಳಿಗೆ ಹಣ ಉಳಿಯದು. 110ರ ಲೆಕ್ಕವನ್ನು ಮೊದಲೇ ಇಟ್ಟಿದ್ದು ಈ ಇಕ್ಕಟ್ಟಿಗಾಗಿಯೇ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಯ ಆಸ್ಥಾನವನ್ನೂ ಮಂಗಳೂರಿನ ಸುತ್ತಲಿನ ಸೀಮೆಯನ್ನೂ ಕಂಡು, ಉಳ್ಳಾಲದ ರಾಣಿಯನ್ನು ಭೇಟಿಯಾಗಿ ವಿವರವಾಗಿ ಬರೆದಿಟ್ಟಿದ್ದಾನೆ. ಆಟದ ಘಟನೆಗಳಿಗೆ ಬಣ್ಣ ತುಂಬಲು ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಒಳಗಿನ ಬಿರುಕನ್ನೂ ಮರೆಯಬೇಡಿ. ಕಲ್ಯಾಣಪುರದ ಹೊಳೆ ದಾಟಿ ಬಡಗಣಕ್ಕೆ ಹೋದಂತೆ ತುಳು ಹಿಂದೆ ಸರಿದು ಕುಂದಗನ್ನಡ ಕೇಳಿಸುತ್ತದೆ. ಬಸರೂರಿನ ವರ್ತಕರಿಗೆ ಮೂಡುಬಿದಿರೆಯ ಸಭೆಗಿಂತ ಘಟ್ಟದ ಮೇಲಿನ ಮಾರುಕಟ್ಟೆ ಹತ್ತಿರವೆನಿಸುವಂತೆ ನಿಷ್ಠೆಯ ಅಂಕಿಯನ್ನು ಇಡಿ. ನಿಮ್ಮ ಕುಂದಾಪುರದ ಗೆಳೆಯರು ಇದಕ್ಕೆ ತಕರಾರು ಎತ್ತುವುದು ಖಂಡಿತ, ಎತ್ತಲಿ.

ಹೆಜ್ಜೆ 7: ಹೆಸರು, ಬಾವುಟ, ಫೈಲ್‌ಗಳು

ಹುದ್ದೆಗಳಿಗೆ ದಳವಾಯಿ, ಸೇನಬೋವ, ಪಾರುಪತ್ಯಗಾರ ಎಂಬ ಕಾಲೋಚಿತ ಹೆಸರುಗಳನ್ನು ಕೊಡಿ; ಮಂತ್ರಿಮಂಡಲ, ರಾಷ್ಟ್ರಪತಿ ಬೇಡ. ಬಾವುಟಕ್ಕೆ ಹಿಂದೆ ತುಳುನಾಡನ್ನು ಆಳಿದ್ದ ಆಳುಪರ ಲಾಂಛನವಾಗಿದ್ದ ಮೀನನ್ನು ಬಳಸಬಹುದು. ಯಾವ ಮನೆಗೂ ಸೇರದ ಹಳೆಯ ಗುರುತಾದ್ದರಿಂದ ಒಕ್ಕೂಟದ ಎಂಟೂ ಮಂದಿ ಅದನ್ನು ಒಪ್ಪಿಯಾರು.

ಯುರೋಪಾ ಯೂನಿವರ್ಸಾಲಿಸ್ 4 ಆಟವು 1444ರಿಂದ 1821ರವರೆಗಿನ ಕಾಲವನ್ನು ಒಳಗೊಳ್ಳುವುದರಿಂದ ನಮ್ಮ ರಾಜ್ಯಕ್ಕೆ ಹೊಂದುತ್ತದೆ. ಅದರಲ್ಲಿ ಪ್ರತಿ ದೇಶಕ್ಕೂ ಮೂರಕ್ಷರದ ಗುರುತು ಬೇಕು, ಅದು ಆಟದಲ್ಲಿ ಈಗಾಗಲೇ ಇರುವ ಯಾವುದರೊಂದಿಗೂ ಡಿಕ್ಕಿಯಾಗಬಾರದು. ಬಾವುಟವು 128 x 128 ಪಿಕ್ಸೆಲ್‌ನ ಟಿಜಿಎ ಚಿತ್ರವಾಗಿರಬೇಕು. ಹಾರ್ಟ್ಸ್ ಆಫ್ ಐರನ್ 4ರಲ್ಲಿ 82 x 52, 41 x 26, 10 x 7 ಎಂಬ ಮೂರು ಅಳತೆಗಳು ಬೇಕು. ಹತ್ತು ಪಿಕ್ಸೆಲ್‌ನಲ್ಲಿ ಮೀನಿನ ರೆಕ್ಕೆಯ ಕುಸುರಿ ಉಳಿಯುವುದಿಲ್ಲವಾದ್ದರಿಂದ ಆಕಾರವನ್ನು ಸರಳವಾಗಿಡಿ. ಪ್ರಾಂತ್ಯಗಳ ಭೂಪಟದಲ್ಲಿ ಪ್ರತಿ ಪ್ರಾಂತ್ಯಕ್ಕೂ ಒಂದೇ ಶುದ್ಧ ಬಣ್ಣವಿರಬೇಕು; ಅಂಚನ್ನು ನುಣುಪು ಮಾಡುವ ಕುಂಚ ಬಳಸಿದರೆ ಗಡಿಯುದ್ದಕ್ಕೂ ಲೆಕ್ಕಕ್ಕಿಲ್ಲದ ನೂರಾರು ಬಣ್ಣಗಳು ಹುಟ್ಟಿ ಭೂಪಟ ಕೆಡುತ್ತದೆ. ಹೆಸರುಗಳ ಫೈಲನ್ನು ಬಿಓಎಂ (ಫೈಲಿನ ಆರಂಭದಲ್ಲಿ ಬರುವ ಒಂದು ಗುರುತು) ಸಹಿತವಾದ ಯುಟಿಎಫ್-8 ಎಂಬ ಅಕ್ಷರ ಸಂಕೇತದ ರೂಪದಲ್ಲಿಯೇ ಉಳಿಸಿ. ಅಕ್ಷರಗಳನ್ನು ಬಿಡಿ ಚಿತ್ರಗಳಾಗಿ ಜೋಡಿಸುವ ಇಂತಹ ಆಟಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಆಟದೊಳಗೆ ಇಂಗ್ಲಿಷ್ ಲಿಪಿಯನ್ನು ಒಂದೇ ಕ್ರಮದಲ್ಲಿ ಬಳಸಿ, ಕನ್ನಡದ ಪಾಠವನ್ನು ಜೊತೆಯ ಕೈಪಿಡಿಯಲ್ಲಿ ಕೊಡಿ.

ಹೆಜ್ಜೆ 8: ಪರೀಕ್ಷೆ

ರಾಷ್ಟ್ರ ಸಿದ್ಧವಾದ ಮೇಲೆ ಮೊದಲು ನೀವು ಆಡಬೇಡಿ. ಕಂಪ್ಯೂಟರಿಗೇ ಎಲ್ಲ ದೇಶಗಳನ್ನು ಒಪ್ಪಿಸಿ ಐವತ್ತು ವರ್ಷ ಓಡಲು ಬಿಡಿ, ಹತ್ತು ಬಾರಿ ಹೀಗೆ ಮಾಡಿ. ಹತ್ತರಲ್ಲಿ ಹತ್ತೂ ಬಾರಿ ಒಕ್ಕೂಟ ಕೆಳದಿಯ ಕೈಗೆ ಹೋದರೆ ಘಟ್ಟದ ಸಾಗಾಟದ ಮಿತಿ ಸಡಿಲವಾಗಿದೆ ಎಂದರ್ಥ. ಒಮ್ಮೆಯೂ ಸೋಲದಿದ್ದರೆ ಬೊಕ್ಕಸ ದೊಡ್ಡದಾಗಿದೆ. ಅರ್ಧದಷ್ಟು ಬಾರಿ ಒಡೆದೋ ಸೋತೋ ಹೋಗಿ, ಉಳಿದರ್ಧ ಬಾರಿ ಗಾಯಗೊಂಡು ಉಳಿದುಕೊಂಡರೆ ಅಂಕಿಗಳು ಸರಿಯಾಗಿವೆ. ತಿದ್ದುವಾಗ ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ಆಮೇಲೆ ಗೋವೆಯ ಪಕ್ಷದಿಂದ ಒಂದು ಆಟ, ಇಕ್ಕೇರಿಯ ಪಕ್ಷದಿಂದ ಒಂದು ಆಟ ಆಡಿ. ಒಕ್ಕೂಟವನ್ನು ಮುರಿಯುವ ಅತಿ ಸುಲಭದ ದಾರಿ ಯಾವುದೆಂದು ಶತ್ರುವಿನ ಕಡೆಯಿಂದ ನೋಡಿದಾಗ ಬೇಗ ತಿಳಿಯುತ್ತದೆ. ಬಂಗರಿಗೆ ಲಂಚ ಕೊಟ್ಟು ಒಂದೇ ಸರದಿಯಲ್ಲಿ ಕೆಲಸ ಮುಗಿಸಬಹುದಾದರೆ ಆ ಲಂಚದ ಬೆಲೆಯನ್ನು ಏರಿಸಬೇಕು, ಅಥವಾ ಹಣ ಪಡೆದ ಬಂಗರು ಮಾತು ತಪ್ಪುವ ಸಾಧ್ಯತೆಯನ್ನು ಸೇರಿಸಬೇಕು. ಎರಡನೆಯದು ಹೆಚ್ಚು ಸ್ವಾರಸ್ಯಕರ. ಕೊನೆಯದಾಗಿ, ಆಟದ ನಿಯಮ ಗೊತ್ತಿದ್ದು ಕರಾವಳಿಯ ಇತಿಹಾಸ ಗೊತ್ತಿಲ್ಲದ, ಬೇರೆ ಸೀಮೆಯ ಒಬ್ಬ ಆಟಗಾರನಿಗೆ ಯಾವ ವಿವರಣೆಯನ್ನೂ ಕೊಡದೆ ಒಕ್ಕೂಟವನ್ನು ಒಪ್ಪಿಸಿ. ಮೊದಲ ಹತ್ತು ವರ್ಷಗಳೊಳಗೆ ಅವನು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡು ಯುದ್ಧದ ತಿಂಗಳನ್ನು ಆರಿಸತೊಡಗಿದರೆ ಮೂರನೆಯ ಹೆಜ್ಜೆಯ ನಿಯಮಗಳು ಕೆಲಸ ಮಾಡುತ್ತಿವೆ. ಇಲ್ಲವಾದರೆ ಕಡಲ ಸಂಚಾರದ ಅಂಕಿಗಳಿಗೆ ಹಿಂದಿರುಗಿ ಅವನ್ನು ಇನ್ನಷ್ಟು ಕಠಿಣಗೊಳಿಸಿ.